ಬ್ರಿಟನ್ ರಾಜಕೀಯ ಮತ್ತು ಪಾಪ್ಯುಲಿಸಂ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ನಡುಭಾಗದ ಒಂದು ಸಣ್ಣ ಊರಿಗೆ ನಾನು ಬಂದು ಹದಿನೆಂಟು ವರ್ಷವಾಯಿತು. ದಾವಣಗೆರೆಯಿಂದ ಸೋದರಮಾವ ಫೋನ್ ಮಾಡಿದಾಗ, ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತವರು ಮಾತಿಗಿಳಿದಾಗ, ಮಕ್ಕಳನ್ನು ಇಲ್ಲಿಗೆ ಓದಲು ಕಳಿಸುವ ತಂದೆತಾಯಂದಿರು ಮೆಸೇಜ್ ಮಾಡಿದಾಗ, ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿಟ್ಟಿದ್ದೇನೆ. ಸುಲಭದ್ದು ಮೊದಲು, ತಲೆಕೆಡಿಸಿಕೊಳ್ಳಬೇಕಾದದ್ದು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಬಿಡಿಯಾಗಿ ಓದಬಹುದು.

## ಮೊದಲಿಗೆ

ಪಾಪ್ಯುಲಿಸಂ ಅಂದ್ರೆ ಏನು? ಜನಕ್ಕೆ ಇಷ್ಟ ಆಗೋ ಹಾಗೆ ಇರೋದ್ರಲ್ಲಿ ತಪ್ಪೇನಿದೆ?

ಇಷ್ಟವಾಗುವುದರಲ್ಲಿ ಏನೂ ತಪ್ಪಿಲ್ಲ. ಓಟು ಕೇಳುವವರೆಲ್ಲ ಅದಕ್ಕೇ ಓಡಾಡುತ್ತಾರೆ. ಪಾಪ್ಯುಲಿಸಂ ಬೇರೆ. ಅದು ಒಂದು ಕತೆ ಹೇಳುತ್ತದೆ. ಈ ಕಡೆ ಕಷ್ಟಪಟ್ಟು ದುಡಿಯುವ ಒಳ್ಳೆಯ ಜನ ಇದ್ದಾರೆ. ಆ ಕಡೆ ಅವರನ್ನು ಮೋಸ ಮಾಡುವ ಮೇಲಿನವರಿದ್ದಾರೆ. ಜನರ ಪರವಾಗಿ ಮಾತಾಡುವವನು ನಾನೊಬ್ಬನೇ.

ಮೊದಲ ಎರಡು ಮಾತು ಎಷ್ಟೋ ಸಲ ಅರ್ಧ ನಿಜವಾಗಿರುತ್ತವೆ. ಅಪಾಯ ಇರುವುದು ಮೂರನೆಯದರಲ್ಲಿ. ಜನ ಎಂದರೆ ನಾನೊಬ್ಬನೇ ಎಂದಾದ ಮೇಲೆ ನನ್ನನ್ನು ಒಪ್ಪದ ಕೋರ್ಟು, ಪತ್ರಿಕೆ, ವಿರೋಧ ಪಕ್ಷ ಎಲ್ಲವೂ ಜನವಿರೋಧಿಯಾಗಿಬಿಡುತ್ತವೆ. 2016ರ ನವೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟಿನ ಮೂವರು ನ್ಯಾಯಾಧೀಶರು ಒಂದು ತೀರ್ಪು ಕೊಟ್ಟರು. ಐರೋಪ್ಯ ಒಕ್ಕೂಟ ಬಿಡುವ ಪ್ರಕ್ರಿಯೆ ಶುರುಮಾಡಲು ಸಂಸತ್ತಿನ ಒಪ್ಪಿಗೆ ಬೇಕು ಎಂದರು, ಅಷ್ಟೇ. ಮಾರನೆಯ ದಿನ ಡೈಲಿ ಮೇಲ್ ಪತ್ರಿಕೆ ಅವರ ಫೋಟೋಗಳನ್ನು ಮುಖಪುಟದಲ್ಲಿ ಹಾಕಿ ‘ಜನರ ಶತ್ರುಗಳು’ ಎಂದು ದಪ್ಪಕ್ಷರದಲ್ಲಿ ಅಚ್ಚುಮಾಡಿತು. ಆ ಮುಖಪುಟ ನೋಡಿದ ಬೆಳಿಗ್ಗೆ ನನಗೆ ನಿಜಕ್ಕೂ ಭಯವಾಗಿತ್ತು.

ನಮ್ಮ ಪೇಪರ್‌ಗಳು ಬಜೆಟ್ ಟೈಮಲ್ಲಿ ‘ಜನಪ್ರಿಯ ಬಜೆಟ್’ ಅಂತ ಬರೀತಾವಲ್ಲ, ಅದೇನಾ ಇದು?

ಅಲ್ಲ. ಈ ಗೊಂದಲ ತುಂಬಾ ಜನಕ್ಕಿದೆ. ನಮ್ಮಲ್ಲಿ ಫ್ರೀ ಬಸ್ಸು, ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ, ಅಕ್ಕಿ, ಕರೆಂಟು ಕೊಟ್ಟರೆ ಅದನ್ನು ಜನಪ್ರಿಯ ಯೋಜನೆ ಎನ್ನುತ್ತಾರೆ. ಅದು ಕಲ್ಯಾಣ ಕಾರ್ಯಕ್ರಮ. ಖಜಾನೆಗೆ ಭಾರವೋ ಅಲ್ಲವೋ ಎಂದು ಜಗಳ ಮಾಡಬಹುದು, ಮಾಡಲೇಬೇಕು. ಆದರೆ ಯಾರಿಗೂ ಏನನ್ನೂ ಕೊಡದೆಯೂ ಪಾಪ್ಯುಲಿಸ್ಟ್ ಆಗಬಹುದು. ಶತ್ರು ಯಾರು ಎಂದು ತೋರಿಸಿದರೆ ಸಾಕು.

ಇದು ಬಲಪಂಥದವರದ್ದೇ ಆಟ ತಾನೇ?

ಇಲ್ಲ. ಈ ಹೆಸರು ಹುಟ್ಟಿದ್ದೇ ಅಮೆರಿಕದ ಬಡ ರೈತರಿಂದ. ಸಾಲ, ರೈಲ್ವೆ ಕಂಪನಿಗಳ ದರ, ಬ್ಯಾಂಕುಗಳ ಕಾಟ ತಡೆಯಲಾಗದೆ ಅವರು ಕಟ್ಟಿದ ಪೀಪಲ್ಸ್ ಪಾರ್ಟಿ 1892ರ ಅಧ್ಯಕ್ಷ ಚುನಾವಣೆಯಲ್ಲಿ 10 ಲಕ್ಷಕ್ಕೂ ಹೆಚ್ಚು ಮತ ಪಡೆಯಿತು. ಇತ್ತೀಚೆಗೆ ಗ್ರೀಸಿನ ಸಿರಿಜಾ ಪಕ್ಷ, ಸ್ಪೇನಿನ ಪೊದೆಮೊಸ್ ಪಕ್ಷ, ವೆನಿಜುವೆಲಾದ ಅಧ್ಯಕ್ಷರಾಗಿದ್ದ ಚಾವೆಸ್ ಎಲ್ಲರೂ ಎಡದಿಂದ ಬಂದವರು. ಎಡದವರು ಸಾಮಾನ್ಯವಾಗಿ ಮೇಲಕ್ಕೆ ಬೆರಳು ತೋರಿಸುತ್ತಾರೆ, ಬ್ಯಾಂಕಿನವರ ಕಡೆಗೆ. ಬಲದವರು ಮೇಲಕ್ಕೂ ತೋರಿಸುತ್ತಾರೆ, ಪಕ್ಕಕ್ಕೂ ತೋರಿಸುತ್ತಾರೆ. ಆ ಪಕ್ಕದಲ್ಲಿ ಇರುವುದು ವಲಸಿಗ.

ಬ್ರಿಟನ್ನಲ್ಲಿ ಇರೋದು ಲೇಬರ್, ಕನ್ಸರ್ವೇಟಿವ್ ಎರಡೇ ಅಲ್ವಾ? ಈ ರಿಫಾರ್ಮ್ ಪಾರ್ಟಿ ಎಲ್ಲಿಂದ ಬಂತು?

ಪಕ್ಷ ಹೊಸದು, ಮನುಷ್ಯ ಹಳಬರು. ನೈಜೆಲ್ ಫರಾಜ್ ಖಾಸಗಿ ಶಾಲೆಯಲ್ಲಿ ಓದಿ ಲಂಡನ್ನಿನ ಸರಕು ಮಾರುಕಟ್ಟೆಯಲ್ಲಿ ದಲ್ಲಾಳಿಯಾಗಿದ್ದವರು. 1993ರಲ್ಲಿ ಹುಟ್ಟಿದ ಯುಕಿಪ್ ಪಕ್ಷದ ಮುಖವಾದರು. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರಬೇಕು ಎನ್ನುವುದೊಂದೇ ಅದರ ಜಪ. 2014ರ ಐರೋಪ್ಯ ಸಂಸತ್ ಚುನಾವಣೆಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂತು. ಒಕ್ಕೂಟ ಬಿಡುವುದಕ್ಕೇ ಬ್ರೆಕ್ಸಿಟ್ ಎಂಬ ಹೆಸರು ಬಿತ್ತು. 2019ರಲ್ಲಿ ಫರಾಜ್ ಯುಕಿಪ್ ಬಿಟ್ಟು ಬ್ರೆಕ್ಸಿಟ್ ಪಾರ್ಟಿ ಎಂಬ ಬೇರೆ ಪಕ್ಷದೊಂದಿಗೆ ಬಂದರು, ಮತ್ತೆ ಮೊದಲ ಸ್ಥಾನ. 2021ರಲ್ಲಿ ಆ ಬ್ರೆಕ್ಸಿಟ್ ಪಾರ್ಟಿಯೇ ರಿಫಾರ್ಮ್ ಯುಕೆ ಆಯಿತು.

ಬ್ರಿಟಿಷ್ ಸಂಸತ್ತಿಗೆ ಏಳು ಸಲ ನಿಂತು ಸೋತಿದ್ದ ಫರಾಜ್ 2024ರಲ್ಲಿ ಎಂಟನೆಯ ಸಲ ಕ್ಲ್ಯಾಕ್ಟನ್‌ನಿಂದ ಗೆದ್ದರು. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ರಿಫಾರ್ಮ್ ಹತ್ತು ಕೌನ್ಸಿಲ್‌ಗಳನ್ನು, ಅಂದರೆ ಸ್ಥಳೀಯ ಆಡಳಿತಗಳನ್ನು, ಹಿಡಿಯಿತು. ಅದೇ ದಿನ ರಂಕಾರ್ನ್ ಉಪಚುನಾವಣೆಯನ್ನು ಬರೀ ಆರು ಮತದಿಂದ ಗೆದ್ದಿತು. ಅಲ್ಲಿಂದಾಚೆ ಬಹುತೇಕ ಸಮೀಕ್ಷೆಗಳಲ್ಲಿ ಎರಡೂ ಹಳೆ ಪಕ್ಷಗಳಿಗಿಂತ ಅದೇ ಮುಂದೆ ಓಡಿತು. ಜೊತೆಗೆ ಲಿಬರಲ್ ಡೆಮಾಕ್ರಾಟರು, ಗ್ರೀನ್ ಪಕ್ಷ, ಸ್ಕಾಟ್ಲೆಂಡಿನ ಎಸ್‌ಎನ್‌ಪಿ, ವೇಲ್ಸಿನ ಪ್ಲೈಡ್ ಕಮ್ರಿ ಬೇರೆ ಇವೆ. ಎರಡೇ ಪಕ್ಷದ ಕಾಲ ಮುಗಿದಿದೆ.

ಬ್ರೆಕ್ಸಿಟ್‌ಗೆ ಓಟು ಹಾಕಿದೋರಿಗೆ ಬುದ್ಧಿ ಇರಲಿಲ್ವಾ?

ಈ ಪ್ರಶ್ನೆ ಕೇಳಿದರೆ ನನಗೆ ಬೇಜಾರಾಗುತ್ತದೆ. 2016ರ ಜೂನ್ 23ರ ಜನಮತಗಣನೆಯಲ್ಲಿ 1.74 ಕೋಟಿ ಜನ ಐರೋಪ್ಯ ಒಕ್ಕೂಟದಿಂದ ಹೊರಬರೋಣ ಎಂದು ಮತ ಹಾಕಿದರು, ಶೇ. 51.9. ಅಷ್ಟೂ ಜನ ದಡ್ಡರು ಎಂದುಬಿಟ್ಟರೆ ನಮಗೆ ಏನೂ ಅರ್ಥವಾಗುವುದಿಲ್ಲ.

ನನ್ನ ಪಕ್ಕದ ಮನೆಯ ಅಜ್ಜ ಕಾಲುಚೀಲ ನೇಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಕಾರ್ಖಾನೆ ಮುಚ್ಚಿತು. ಆಸ್ಪತ್ರೆಗೆ ಹೋಗುವ ಬಸ್ಸು ಗಂಟೆಗೊಂದು ಇದ್ದದ್ದು ದಿನಕ್ಕೆ ಮೂರಾಯಿತು. ಲೈಬ್ರರಿಯನ್ನು ಈಗ ವಾರಕ್ಕೆರಡು ದಿನ ಊರಿನವರೇ ಪುಕ್ಕಟೆ ನಡೆಸುತ್ತಾರೆ. ನಮ್ಮ ಕ್ಷೇತ್ರದಲ್ಲಿ ಯಾವಾಗಲೂ ಒಂದೇ ಪಕ್ಷ ಗೆಲ್ಲುತ್ತದೆ, ಹಾಗಾಗಿ ಯಾರೂ ಮತ ಕೇಳಲೂ ಬರುವುದಿಲ್ಲ. ಆ ದಿನ ಮಾತ್ರ ಪ್ರತಿಯೊಂದು ಓಟೂ ಎಣಿಕೆಗೆ ಬರುತ್ತಿತ್ತು. ಅಜ್ಜ ಕೋಟು ಹಾಕಿಕೊಂಡು, ಶೂಗೆ ಪಾಲಿಶ್ ಮಾಡಿಕೊಂಡು ಬೆಳಿಗ್ಗೆ ಏಳಕ್ಕೇ ಹೋಗಿ ಹೊರಬರುವ ಕಡೆಗೆ ಗುರುತು ಹಾಕಿ ಬಂದರು. ನಾನು ಇನ್ನೊಂದು ಕಡೆಗೆ ಹಾಕಿದೆ. ನಾನು ಊರಿಗೆ ಹೋದಾಗ ನನ್ನ ಮನೆಯ ಕೀಲಿಕೈ ಈಗಲೂ ಅವರ ಹತ್ತಿರವೇ ಇರುತ್ತದೆ.

ಅವರಿಗೆ ಸುಳ್ಳು ಹೇಳಲಾಯಿತೇ? ಹೌದು. ವಾರಕ್ಕೆ 35 ಕೋಟಿ ಪೌಂಡ್ ಐರೋಪ್ಯ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಎಂದು ಕೆಂಪು ಬಸ್ಸಿನ ಮೇಲೆ ಬರೆದುಕೊಂಡು ಊರೂರು ಸುತ್ತಿದರು. ಬ್ರಿಟನ್ನಿಗೆ ವಾಪಸ್ ಸಿಗುತ್ತಿದ್ದ ರಿಯಾಯಿತಿಯನ್ನು ಅದರಲ್ಲಿ ಕಳೆದೇ ಇರಲಿಲ್ಲ. ಸರ್ಕಾರಿ ಅಂಕಿಅಂಶಗಳ ಮೇಲ್ವಿಚಾರಣೆ ಮಾಡುವ ಸಂಸ್ಥೆಯೇ ಅದು ಜನರನ್ನು ದಾರಿತಪ್ಪಿಸುವ ಲೆಕ್ಕ ಎಂದಿತು. ಆದರೆ ಸುಳ್ಳು ಬಿತ್ತಲು ಹದವಾದ ನೆಲ ಮೊದಲೇ ಇತ್ತು. ಆ ನೆಲವನ್ನು ಹದ ಮಾಡಿದ್ದು ಫರಾಜ್ ಒಬ್ಬರೇ ಅಲ್ಲ.

## ಸ್ವಲ್ಪ ಒಳಗೆ

ಲೇಬರ್‌ಗೆ ಬಿದ್ದದ್ದು ಮೂರರಲ್ಲಿ ಒಂದು ಓಟು, ಸೀಟು ಮಾತ್ರ 411! ಇದರಲ್ಲಿ ಮೋಸ ಇದೆಯಾ?

ಮೋಸ ಇಲ್ಲ, ಪದ್ಧತಿಯೇ ಹಾಗೆ. ನಮ್ಮ ವಿಧಾನಸಭೆ, ಲೋಕಸಭೆಗಳಲ್ಲಿ ಇರುವುದೂ ಇದೇ. ಬ್ರಿಟನ್ನಿಂದಲೇ ನಮಗೆ ಬಂದದ್ದು. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಜಾಸ್ತಿ ಬಂದರೆ ಗೆದ್ದ ಹಾಗೆ. ಅರ್ಧ ದಾಟಬೇಕಿಲ್ಲ.

2024ರ ಜುಲೈ 4ರ ಸಂಸತ್ ಚುನಾವಣೆಯ ಲೆಕ್ಕ ನೋಡಿ. ಲೇಬರ್‌ಗೆ ಶೇ. 33.7 ಮತ, 650ರಲ್ಲಿ 411 ಸೀಟು. ರಿಫಾರ್ಮ್‌ಗೆ ಸುಮಾರು 41 ಲಕ್ಷ ಮತ, ಸೀಟು ಐದು. ಲಿಬರಲ್ ಡೆಮಾಕ್ರಾಟರಿಗೆ 35 ಲಕ್ಷ ಮತ, ಸೀಟು 72. ಒಂದೇ ಕಡೆ ಗುಂಪಾಗಿ ಬಿದ್ದ ಮತಕ್ಕೆ ಬೆಲೆ ಜಾಸ್ತಿ. ದೇಶದ ತುಂಬ ತೆಳುವಾಗಿ ಹರಡಿದ ಮತಕ್ಕೆ ಬೆಲೆಯೇ ಇಲ್ಲ.

ಇಷ್ಟು ವರ್ಷ ಈ ಪದ್ಧತಿ ಪಾಪ್ಯುಲಿಸ್ಟರನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು. 2015ರಲ್ಲಿ ಯುಕಿಪ್‌ಗೆ ಸುಮಾರು 39 ಲಕ್ಷ ಮತ ಬಿದ್ದರೂ ಸಿಕ್ಕಿದ್ದು ಒಂದೇ ಸೀಟು. ಆದರೆ ಐದಾರು ಪಕ್ಷಗಳ ನಡುವೆ ಮತ ಹಂಚಿಹೋದರೆ ಶೇ. 30ರ ಆಸುಪಾಸಿನಲ್ಲಿ ಬಹುಮತ ಸಿಗಬಹುದು. ಆಗ ಇದೇ ಬಾಗಿಲು ಅವರಿಗೆ ಪೂರ್ತಿ ತೆರೆದುಕೊಳ್ಳುತ್ತದೆ. 2011ರಲ್ಲಿ ಪದ್ಧತಿ ಬದಲಿಸಬೇಕೇ ಎಂದು ಜನಮತ ಕೇಳಿದ್ದರು. ಶೇ. 68 ಜನ ಬೇಡವೆಂದರು. ನನ್ನ ಮಟ್ಟಿಗೆ ಅದೊಂದು ಕೈತಪ್ಪಿದ ಅವಕಾಶ.

ಎಂಟು ವರ್ಷದಲ್ಲಿ ಆರು ಪ್ರಧಾನಿ! ಏನಾಗಿದೆ ಅಲ್ಲಿ?

ಕ್ಯಾಮರಾನ್, ಮೇ, ಜಾನ್ಸನ್, ಟ್ರಸ್, ಸುನಕ್, ಸ್ಟಾರ್ಮರ್. 2016ರ ಜುಲೈಯಿಂದ 2024ರ ಜುಲೈವರೆಗೆ ಡೌನಿಂಗ್ ಸ್ಟ್ರೀಟಿನ ಹತ್ತನೇ ನಂಬರ್ ಮನೆಯಲ್ಲಿ ಇದ್ದವರು ಇವರು. ಬ್ರೆಕ್ಸಿಟ್ ಆಗಲಿ ಎಂದವರು ಗೆದ್ದರು, ಆದರೆ ಎಂಥ ಬ್ರೆಕ್ಸಿಟ್ ಎಂದು ಯಾರೂ ಮೊದಲು ಹೇಳಿರಲಿಲ್ಲ. ಅದನ್ನು ಹುಡುಕುವುದರಲ್ಲಿ ಮೇ ಸೋತರು. ಜಾನ್ಸನ್ 2019ರಲ್ಲಿ ಐದು ವಾರ ಸಂಸತ್ತನ್ನೇ ಮುಚ್ಚಿಸಲು ಹೊರಟರು. ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರೂ ಒಮ್ಮತದಿಂದ ಅದು ಕಾನೂನುಬಾಹಿರ ಎಂದರು. ಆದರೂ ಅದೇ ಡಿಸೆಂಬರ್‌ನಲ್ಲಿ ಅವರು 365 ಸೀಟು ಗೆದ್ದರು. ಕೋವಿಡ್ ಕಾಲದಲ್ಲಿ ಜನ ತಮ್ಮವರ ಅಂತ್ಯಕ್ರಿಯೆಗೂ ಹೋಗಲಾಗದೆ ಒದ್ದಾಡುತ್ತಿದ್ದಾಗ ಪ್ರಧಾನಿ ಕಚೇರಿಯಲ್ಲಿ ಪಾರ್ಟಿ ನಡೆದದ್ದು ಬಯಲಾಯಿತು. ಪೊಲೀಸರು ಜಾನ್ಸನ್‌ಗೆ ದಂಡ ಹಾಕಿದರು. ಮುಂದೆ ಇನ್ನೊಂದು ಹಗರಣ ಬಂದಾಗ ಸ್ವಂತ ಪಕ್ಷದವರೇ ಅವರನ್ನು ಇಳಿಸಿದರು.

ಲಿಜ್ ಟ್ರಸ್ ಇದ್ದದ್ದು 49 ದಿನ. 2022ರ ಸೆಪ್ಟೆಂಬರ್ 23ರಂದು ಹಣ ಎಲ್ಲಿಂದ ಬರುತ್ತದೆ ಎಂದು ಹೇಳದೆಯೇ ಅವರ ಸರ್ಕಾರ 4,500 ಕೋಟಿ ಪೌಂಡಿನ ತೆರಿಗೆ ಇಳಿಕೆ ಘೋಷಿಸಿತು. ಪೌಂಡ್ ಬಿತ್ತು, ಬಡ್ಡಿ ಏರಿತು. ಆ ವಾರ ನನ್ನ ಸಹೋದ್ಯೋಗಿಯೊಬ್ಬಳ ಮನೆ ಸಾಲದ ನಿಗದಿತ ಬಡ್ಡಿಯ ಅವಧಿ ಮುಗಿದು ಹೊಸ ಬಡ್ಡಿ ನಿಗದಿಯಾಗಬೇಕಿತ್ತು. ಬೆಳಿಗ್ಗೆ ಬ್ಯಾಂಕ್ ಹೇಳಿದ ಆಫರ್ ಮಧ್ಯಾಹ್ನ ಇರಲಿಲ್ಲ. ಊಟದ ಡಬ್ಬಿ ಮುಚ್ಚಳ ತೆಗೆಯದೆ ಕ್ಯಾಲ್ಕ್ಯುಲೇಟರ್ ಹಿಡಿದು ಕೂತಿದ್ದಳು.

ನಮ್ಮ ಬೆಂಗಳೂರಿನ ಅಳಿಯನೇ ಪ್ರಧಾನಿ ಆದ್ರಲ್ಲ! ಹಾಗಾದ್ರೆ ಅಲ್ಲಿ ವರ್ಣಭೇದ ಎಲ್ಲಿದೆ?

2022ರ ದೀಪಾವಳಿಯ ದಿನ ರಿಷಿ ಸುನಕ್ ಪಕ್ಷದ ನಾಯಕರಾದ ಸುದ್ದಿ ಬಂದಾಗ ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಂಡಿತ್ತು. ಸುಧಾ ಮೂರ್ತಿ, ನಾರಾಯಣ ಮೂರ್ತಿಯವರ ಅಳಿಯ ಎಂಬ ಖುಷಿ ನನಗೂ ಇತ್ತು. ಬಿಳಿಯರಲ್ಲದವರೊಬ್ಬರು ಪ್ರಧಾನಿಯಾದರೆ ದೊಡ್ಡ ಗಲಾಟೆಯಾಗಲಿಲ್ಲ ಎನ್ನುವುದು ಈ ದೇಶದ ದೊಡ್ಡತನವೇ.

ಆದರೆ ಒಬ್ಬರು ಮೇಲೆ ಹತ್ತಿದ ಮಾತ್ರಕ್ಕೆ ಕೆಳಗಿನವರ ಮೆಟ್ಟಿಲು ಸರಿಹೋಗುವುದಿಲ್ಲ. ವಲಸಿಗರ ಮಗನಾದ ಸುನಕ್ ಅವರೇ ‘ದೋಣಿ ನಿಲ್ಲಿಸಿ’ ಎಂಬ ಫಲಕದ ಹಿಂದೆ ನಿಂತು ಮಾತಾಡಿದರು. ಆಶ್ರಯ ಕೇಳಿ ಬಂದವರನ್ನು ರುವಾಂಡಾಗೆ ಸಾಗಿಸುವ ಯೋಜನೆಯನ್ನು ಸುಪ್ರೀಂ ಕೋರ್ಟು 2023ರ ನವೆಂಬರ್‌ನಲ್ಲಿ ತಳ್ಳಿಹಾಕಿದ ಮೇಲೂ ಬಿಡಲಿಲ್ಲ. ರಾಜಕಾರಣಿಯನ್ನು ಹುಟ್ಟಿನಿಂದ ಅಳೆಯಬೇಡಿ. ಹೊಗಳುವುದಕ್ಕೂ ಬೇಡ, ತೆಗಳುವುದಕ್ಕೂ ಬೇಡ.

ದೋಣಿಯಲ್ಲಿ ಬರ್ತಾರೆ, ದೋಣಿಯಲ್ಲಿ ಬರ್ತಾರೆ ಅಂತ ದಿನಾ ಸುದ್ದಿ. ಅಷ್ಟೊಂದು ಜನ ಬರ್ತಾರಾ?

ಫ್ರಾನ್ಸಿನಿಂದ ಡೋವರ್‌ಗೆ ಸಮುದ್ರ ಕಿರಿದಾದ ಕಡೆ ಸುಮಾರು 33 ಕಿಲೋಮೀಟರ್. ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ 2022ರಲ್ಲಿ 45 ಸಾವಿರಕ್ಕೂ ಹೆಚ್ಚು ಜನ ಹೀಗೆ ದಾಟಿ ಬಂದರು. ಎಷ್ಟೋ ಜನ ದಾರಿಯಲ್ಲೇ ಮುಳುಗಿ ಸತ್ತರು. ಸಂಖ್ಯೆ ಸಣ್ಣದಲ್ಲ. ಆದರೆ ವೀಸಾ ಪಡೆದು ವಿಮಾನದಲ್ಲಿ ಬಂದವರ ಮುಂದೆ ಅದು ಸಣ್ಣದು. ಬಂದವರಲ್ಲಿ ಹೋದವರನ್ನು ಕಳೆದರೆ, 2023ರ ಮಧ್ಯಕ್ಕೆ ಕೊನೆಗೊಂಡ ಒಂದು ವರ್ಷದಲ್ಲಿ ಉಳಿದವರು 9 ಲಕ್ಷಕ್ಕೂ ಹೆಚ್ಚು. ಆಮೇಲೆ ಅದು ಅರ್ಧಕ್ಕಿಂತ ಕೆಳಗಿಳಿಯಿತು.

ಜನರ ಸಿಟ್ಟಿಗೆ ಇಲ್ಲೊಂದು ನ್ಯಾಯವಾದ ಕಾರಣವಿದೆ. ವಲಸೆಯನ್ನು ಹತ್ತಾರು ಸಾವಿರಕ್ಕೆ ಇಳಿಸುತ್ತೇವೆ ಎಂದು 2010ರಲ್ಲಿ ಮಾತು ಕೊಟ್ಟ ಕನ್ಸರ್ವೇಟಿವ್ ಪಕ್ಷದ ಆಳ್ವಿಕೆಯಲ್ಲೇ ಅದು 9 ಲಕ್ಷ ದಾಟಿತು. ಕೆಲಸಗಾರರು ಬೇಕಿತ್ತು, ವಿದ್ಯಾರ್ಥಿಗಳ ಫೀಸು ಬೇಕಿತ್ತು. ಅದನ್ನು ಜನರ ಮುಂದೆ ನಿಂತು ಹೇಳುವ ಧೈರ್ಯ ಇರಲಿಲ್ಲ. ಒಂದು ಬಾಯಲ್ಲಿ ಬೇಡ ಎಂದು, ಇನ್ನೊಂದು ಕೈಯಲ್ಲಿ ವೀಸಾ ಕೊಟ್ಟರು.

ದೋಣಿ ಕಣ್ಣಿಗೆ ಕಾಣುತ್ತದೆ. ಅದಕ್ಕೇ ಅದು ಸುದ್ದಿ. ಆಶ್ರಯ ಕೇಳಿದವರ ಅರ್ಜಿ ವರ್ಷಗಟ್ಟಲೆ ಕೊಳೆಯುತ್ತದೆ. ಅಲ್ಲಿಯತನಕ ಅವರು ಸಾಮಾನ್ಯವಾಗಿ ಕೆಲಸ ಮಾಡುವಂತಿಲ್ಲ. ಸರ್ಕಾರವೇ ಊರ ನಡುವಿನ ಹೋಟೆಲಿನಲ್ಲಿ ಇಡುತ್ತದೆ. ಮದುವೆ ನಡೆಯುತ್ತಿದ್ದ ಹೋಟೆಲಿಗೆ ಒಂದು ದಿನ ಬೀಗ ಬಿದ್ದು, ಕಾವಲಿನವರು ನಿಂತು, ಒಳಗೆ ಯಾರಿದ್ದಾರೆ ಎಂದು ಯಾರೂ ಹೇಳದಿದ್ದರೆ ಊರಿನವರು ಏನೇನೋ ಊಹಿಸುತ್ತಾರೆ. ಒಳಗಿರುವವನೂ ಸುಮ್ನೆ ಗೋಡೆ ನೋಡುತ್ತಾ ಕೂರಬೇಕು.

ಆಸ್ಪತ್ರೆಯಲ್ಲಿ ಜಾಗ ಇಲ್ಲ, ಮನೆ ಸಿಗಲ್ಲ ಅಂತಾರೆ. ಇಷ್ಟು ಜನ ಬಂದಿದ್ದರಿಂದಲೇ ಅಲ್ವಾ?

ಇದೇ ಎಲ್ಲದರ ತಿರುಳು, ಹಾಗಾಗಿ ಉತ್ತರ ಉದ್ದವಿದೆ.

ಮೊದಲು ಕಷ್ಟ ನಿಜ ಎನ್ನುವುದನ್ನು ಒಪ್ಪಿಕೊಳ್ಳೋಣ. ಡಾಕ್ಟರನ್ನು ನೋಡಬೇಕೆಂದರೆ ನಾನು ಬೆಳಿಗ್ಗೆ 8 ಗಂಟೆಗೆ ಸರಿಯಾಗಿ ಫೋನ್ ಮಾಡಬೇಕು. 7:59ಕ್ಕೆ ಮಾಡಿದರೆ ಇನ್ನೂ ತೆರೆದಿಲ್ಲ ಎಂಬ ರೆಕಾರ್ಡಿಂಗ್. 8 ಗಂಟೆಗೆ ಮಾಡಿದರೆ ಸಾಲಿನಲ್ಲಿ ನೀವು 27ನೆಯವರು ಎಂಬ ದನಿ. ಸರದಿ ಬರುವ ಹೊತ್ತಿಗೆ ಆ ದಿನದ ಜಾಗ ಮುಗಿದಿರುತ್ತದೆ. ಹೋದ ವರ್ಷ ಮಗನ ಕಿವಿನೋವಿಗೆ ಮೂರು ಬೆಳಿಗ್ಗೆ ಹೀಗೇ ಕಳೆದೆವು. ಆಸ್ಪತ್ರೆ ಚಿಕಿತ್ಸೆಗಾಗಿ ಕಾಯುವವರ ಪಟ್ಟಿ ಇಂಗ್ಲೆಂಡಿನಲ್ಲಿ 2023ರಲ್ಲಿ 77 ಲಕ್ಷ ಮುಟ್ಟಿತ್ತು.

ಕೊನೆಗೆ ನಮ್ಮನ್ನು ನೋಡಿದ ಡಾಕ್ಟರ್ ನೈಜೀರಿಯಾದವರು, ನರ್ಸ್ ಕೇರಳದವರು. ಇದು ನನ್ನೊಬ್ಬನ ಅನುಭವವಲ್ಲ. ಹೊರದೇಶದಿಂದ ಬಂದವರು ಇಲ್ಲದಿದ್ದರೆ ಇಲ್ಲಿನ ಆಸ್ಪತ್ರೆಗಳೂ ವೃದ್ಧಾಶ್ರಮಗಳೂ ನಡೆಯುವುದಿಲ್ಲ. ಜನ ಹೆಚ್ಚಾದರೆ ಬೇಡಿಕೆ ಹೆಚ್ಚುತ್ತದೆ, ಅದು ಸರಿ. ಬಾಡಿಗೆಯ ಮೇಲೂ ಒತ್ತಡ ಬೀಳುತ್ತದೆ. ಆದರೆ 1980ರಿಂದ ಇಂಗ್ಲೆಂಡಿನಲ್ಲಿ ಹತ್ತಿರ ಹತ್ತಿರ 20 ಲಕ್ಷ ಕೌನ್ಸಿಲ್ ಮನೆಗಳನ್ನು ಅದರಲ್ಲಿದ್ದ ಬಾಡಿಗೆದಾರರಿಗೆ ಕಡಿಮೆ ಬೆಲೆಗೆ ಮಾರಿ, ಅಷ್ಟು ಮನೆಗಳನ್ನು ಮತ್ತೆ ಕಟ್ಟದೆ ಬಿಟ್ಟದ್ದು ವಲಸಿಗರಲ್ಲ. 2010ರಿಂದ ಮಿತವ್ಯಯದ ಹೆಸರಿನಲ್ಲಿ ಕೌನ್ಸಿಲ್‌ಗಳ ಅನುದಾನ ಕತ್ತರಿಸಿದ್ದೂ ಅವರಲ್ಲ. 2008ರ ಬ್ಯಾಂಕ್ ಕುಸಿತದ ನಂತರ ಬೆಲೆಯೇರಿಕೆ ಕಳೆದರೆ ಸಂಬಳ ನಿಂತಲ್ಲೇ ನಿಂತಿದೆ. ಅದಕ್ಕೂ ದೋಣಿಗೂ ಸಂಬಂಧವಿಲ್ಲ.

ಫರಾಜ್ ಗೆದ್ದ ಕ್ಲ್ಯಾಕ್ಟನ್ ಕ್ಷೇತ್ರದಲ್ಲೇ ಜೇವಿಕ್ ಎಂಬ ಕಡಲತೀರದ ಊರಿದೆ. ಒಮ್ಮೆ ಹೋಗಿ ನೋಡಿ ಬಂದೆ. 1930ರ ದಶಕದಲ್ಲಿ ಲಂಡನ್ನಿನ ದುಡಿಯುವ ಜನ ರಜೆಗೆ ಬಂದಿರಲೆಂದು ಕಟ್ಟಿದ ಸಣ್ಣ ಮರದ ಮನೆಗಳು. ಬೀದಿಗಳಿಗೆ ಕಾರುಗಳ ಹೆಸರು: ಬೆಂಟ್ಲಿ ಅವೆನ್ಯೂ, ಸನ್‌ಬೀಮ್ ಅವೆನ್ಯೂ, ಆಸ್ಟಿನ್ ಅವೆನ್ಯೂ. ಬೇಸಿಗೆಗೆಂದು ಕಟ್ಟಿದ ಆ ಮನೆಗಳಲ್ಲಿ ಜನ ಈಗ ವರ್ಷವಿಡೀ ಇರುತ್ತಾರೆ. ಗೋಡೆಯಲ್ಲಿ ತೇವ, ರಸ್ತೆಯಲ್ಲಿ ಹೊಂಡ. ಕಡಲು ಮಾತ್ರ ಕಣ್ಣು ತುಂಬುವಷ್ಟು ಚೆಂದ. 2010, 2015, 2019ರ ಸರ್ಕಾರಿ ಪಟ್ಟಿಗಳಲ್ಲಿ ಇಡೀ ಇಂಗ್ಲೆಂಡಿನ ಅತಿ ಹಿಂದುಳಿದ ಜಾಗ ಇದೇ. ಅಲ್ಲಿ ವಲಸಿಗರು ತೀರಾ ಕಡಿಮೆ. ಬಡತನ ವಲಸೆಯಿಂದ ಬಂತು ಎನ್ನುವವರು ಆ ಬೀದಿಗಳಲ್ಲಿ ಒಮ್ಮೆ ನಡೆಯಬೇಕು.

ಇದಕ್ಕೆ ವಿರುದ್ಧವಾದ ಊರೂ ಇದೆ, ಮುಚ್ಚಿಡಬಾರದು. ಲಿಂಕನ್‌ಶೈರಿನ ಬಾಸ್ಟನ್‌ಗೆ ಕೋಸು, ಹೂಕೋಸು ಕೊಯ್ಯಲು ಪೂರ್ವ ಯುರೋಪಿನಿಂದ ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಬಂದರು. ಶಾಲೆ, ಮನೆ, ಆಸ್ಪತ್ರೆ ಅದೇ ವೇಗದಲ್ಲಿ ಬೆಳೆಯಲಿಲ್ಲ. ಅಲ್ಲಿ ಶೇ. 75.6 ಜನ ಬ್ರೆಕ್ಸಿಟ್ ಕಡೆಗೆ ಮತ ಹಾಕಿದರು, ದೇಶಕ್ಕೇ ಅತಿ ಹೆಚ್ಚು. ಬದಲಾವಣೆಯ ವೇಗಕ್ಕೆ ಜನ ಕಂಗಾಲಾಗುತ್ತಾರೆ. ಅದನ್ನು ದ್ವೇಷ ಎಂದು ಕರೆದು ಕೈತೊಳೆದುಕೊಂಡರೆ ಅವರನ್ನು ನಾವೇ ಫರಾಜ್ ಕಡೆಗೆ ತಳ್ಳಿದಂತೆ.

## ಇನ್ನೂ ಆಳಕ್ಕೆ

ಟ್ರಂಪ್, ಓರ್ಬಾನ್, ಮೆಲೋನಿ, ಫರಾಜ್ ಎಲ್ಲ ಒಂದೇನಾ?

ದನಿ ಒಂದೇ, ದಾರಿ ಬೇರೆ ಬೇರೆ. ಹಂಗೇರಿಯ ಓರ್ಬಾನ್ 2010ರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮತ ಪಡೆದು ಮೂರನೇ ಎರಡು ಭಾಗ ಸೀಟು ಗೆದ್ದರು. ಆ ಬಲದಿಂದ ಸಂವಿಧಾನವನ್ನೇ ಹೊಸದಾಗಿ ಬರೆಸಿದರು. ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿ ಹಿರಿಯರನ್ನು ಒಟ್ಟಿಗೆ ಮನೆಗೆ ಕಳಿಸಲು ನೋಡಿದರು. ಟ್ಯಾಂಕು, ಗುಂಡು ಏನೂ ಇಲ್ಲ. ಎಲ್ಲವೂ ಕಾನೂನಿನ ಕಾಗದದ ಮೇಲೆಯೇ ನಡೆಯಿತು. ಟ್ರಂಪ್ 2020ರ ಸೋಲನ್ನೇ ಒಪ್ಪಲಿಲ್ಲ. 2021ರ ಜನವರಿ 6ರಂದು ಅವರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದರು. ಇಟಲಿಯ ಮೆಲೋನಿ 2022ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಐರೋಪ್ಯ ಒಕ್ಕೂಟದ ಜೊತೆ, ಉಕ್ರೇನ್ ಜೊತೆ ನಿಂತು ಬಹಳಷ್ಟು ಜನರ ಭಯವನ್ನು ಸುಳ್ಳುಮಾಡಿದರು.

ಫರಾಜ್ ದೇಶ ಆಳಿಲ್ಲ, ಹಾಗಾಗಿ ಅಳೆಯುವುದು ಕಷ್ಟ. ಆದರೆ ನನ್ನ ಆತಂಕ ಬೇರೆ. ಬ್ರಿಟನ್ನಿಗೆ ಒಂದೇ ಪುಸ್ತಕದಲ್ಲಿ ಬರೆದ ಸಂವಿಧಾನವಿಲ್ಲ. ಸಂಸತ್ತಿನ ಕೆಳಮನೆಯಾದ ಕಾಮನ್ಸ್‌ನಲ್ಲಿ ಸರಳ ಬಹುಮತ ಇದ್ದರೆ ಹೆಚ್ಚುಕಡಿಮೆ ಯಾವ ಕಾನೂನನ್ನೂ ಬದಲಿಸಬಹುದು. ಓರ್ಬಾನ್‌ಗೆ ಮೂರನೇ ಎರಡು ಭಾಗ ಬೇಕಾಯಿತು. ಇಲ್ಲಿ ಅಷ್ಟೂ ಬೇಡ. ಇಲ್ಲಿನ ಪ್ರಜಾಪ್ರಭುತ್ವ ಬಹುಪಾಲು ಮರ್ಯಾದೆಯ ಮೇಲೆ, ರೂಢಿಯ ಮೇಲೆ ನಿಂತಿದೆ.

ಇವರು ಒಂದ್ಸಲ ಬಂದ್ರೆ ಇಳಿಸೋಕಾಗಲ್ಲ ಅಂತಾರೆ, ನಿಜನಾ?

ಪೋಲೆಂಡಿನವರು ಇಳಿಸಿದರು. ಎಂಟು ವರ್ಷ ಆಳಿದ ಲಾ ಅಂಡ್ ಜಸ್ಟಿಸ್ ಪಕ್ಷ 2023ರ ಅಕ್ಟೋಬರ್‌ನಲ್ಲಿ ಬಹುಮತ ಕಳೆದುಕೊಂಡಿತು. ಮತದಾನ ಶೇ. 74. ವ್ರೊಟ್ಸ್ವಾಫ್ ನಗರದ ಒಂದು ಬಡಾವಣೆಯಲ್ಲಿ ಜನ ರಾತ್ರಿ ಎರಡು ಗಂಟೆ ದಾಟಿದರೂ ಚಳಿಯಲ್ಲಿ ಸಾಲು ಬಿಡಲಿಲ್ಲ. ಹತ್ತಿರದ ಪಿಜ್ಜಾ ಅಂಗಡಿಯವರು ಸಾಲಿನಲ್ಲಿದ್ದವರಿಗೆ ಬಿಸಿ ಪಿಜ್ಜಾ ತಂದುಕೊಟ್ಟರು. ಆ ವಿಡಿಯೋ ನೋಡುತ್ತಾ ನನ್ನ ಕಣ್ಣು ತುಂಬಿತ್ತು. ಬ್ರೆಜಿಲಿನವರೂ 2022ರಲ್ಲಿ ಬೊಲ್ಸೊನಾರೊ ಅವರನ್ನು ಸೋಲಿಸಿದರು.

ಇಳಿಸಿದ ಮೇಲೆ ರಿಪೇರಿ ಕಷ್ಟ. ಪೋಲೆಂಡಿನ ಹೊಸ ಸರ್ಕಾರದ ಮಸೂದೆಗಳನ್ನು ಹಳೆಯ ಪಕ್ಷದ ಕಡೆಯ ಅಧ್ಯಕ್ಷರು ತಡೆಯುತ್ತಾ ಬಂದರು. 2025ರ ಅಧ್ಯಕ್ಷ ಚುನಾವಣೆಯಲ್ಲೂ ಆ ಪಕ್ಷ ಬೆಂಬಲಿಸಿದವರೇ ಗೆದ್ದರು.

ದೊಡ್ಡ ಪಕ್ಷಗಳೇ ಅವರ ಮಾತನ್ನ ಸ್ವಲ್ಪ ಮೆತ್ತಗೆ ಹೇಳಿಬಿಟ್ರೆ ಅವರ ಗಾಳಿ ಇಳಿಯಲ್ವಾ?

ಕ್ಯಾಮರಾನ್ ಅದನ್ನೇ ನಂಬಿ 2013ರಲ್ಲಿ ಜನಮತಗಣನೆಯ ಮಾತು ಕೊಟ್ಟರು. ಯುಕಿಪ್ ಬಾಯಿ ಮುಚ್ಚುತ್ತದೆ ಎಂದುಕೊಂಡರು. ಮೂರು ವರ್ಷಕ್ಕೆ ಅವರ ಕುರ್ಚಿಯೇ ಹೋಯಿತು. 2025ರ ಮೇನಲ್ಲಿ ಲೇಬರ್ ಪಕ್ಷದ ಸ್ಟಾರ್ಮರ್ ವಲಸೆಯ ಬಗ್ಗೆ ಮಾತಾಡುತ್ತಾ ಬ್ರಿಟನ್ ‘ಅಪರಿಚಿತರ ದ್ವೀಪ’ ಆಗಿಬಿಡಬಹುದು ಎಂದರು. ಕೆಲವೇ ವಾರಗಳಲ್ಲಿ ಆ ಮಾತಿಗೆ ತಾವೇ ವಿಷಾದಪಟ್ಟರು. ಅದೇ ಅಕ್ಟೋಬರ್‌ನಲ್ಲಿ ವೇಲ್ಸಿನ ಕೇರ್‌ಫಿಲಿ ಉಪಚುನಾವಣೆ ನಡೆಯಿತು. ಲೇಬರ್ ಪಕ್ಷ ನೂರು ವರ್ಷದಿಂದ ಬಿಡದೆ ಗೆದ್ದ ನೆಲ ಅದು. ಅಲ್ಲಿ ಅದಕ್ಕೆ ಸಿಕ್ಕಿದ್ದು ಶೇ. 11. ಆದರೆ ಗೆದ್ದದ್ದು ರಿಫಾರ್ಮ್ ಅಲ್ಲ, ಪ್ಲೈಡ್ ಕಮ್ರಿ. ರಿಫಾರ್ಮ್ ಬೇಡ ಎಂದವರು ಅದನ್ನು ಎದುರುಹಾಕಿಕೊಂಡ ಪಕ್ಷದ ಹಿಂದೆ ಒಟ್ಟಾದರು.

ಡೆನ್ಮಾರ್ಕಿನ ಸೋಷಿಯಲ್ ಡೆಮಾಕ್ರಾಟರು ವಲಸೆ ವಿಷಯದಲ್ಲಿ ಬಿಗಿಯಾಗಿ 2019ರಲ್ಲಿ ಗೆದ್ದದ್ದೂ ಇದೆ. ಅವರು ಪಿಂಚಣಿ, ಆಸ್ಪತ್ರೆಯ ಕಡೆಗೂ ಗಟ್ಟಿಯಾಗಿ ನಿಂತಿದ್ದರು. ಬರೀ ಬಿಗಿಮಾತು ಎರವಲು ತಂದರೆ ಆಗುವುದಿಲ್ಲ. 8 ಗಂಟೆಯ ಆ ಫೋನ್ ಸಾಲು ಮೊಟಕಾದರೆ ನನ್ನ ಪಕ್ಕದ ಮನೆಯ ಅಜ್ಜನ ಸಿಟ್ಟು ಅರ್ಧ ಇಳಿಯುತ್ತದೆ. ನನಗೆ ಅದರಲ್ಲಿ ಅನುಮಾನವೇ ಇಲ್ಲ.

ಎಲ್ಲಾ ಸೋಷಿಯಲ್ ಮೀಡಿಯಾದಿಂದಲೇ ಆಗಿದ್ದಾ?

ಬೆಂಕಿ ಹಚ್ಚುವುದಿಲ್ಲ, ಆದರೆ ಗಾಳಿ ಹಾಕುತ್ತದೆ. 2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮಕ್ಕಳ ಡಾನ್ಸ್ ಕ್ಲಾಸಿಗೆ ನುಗ್ಗಿದ ಹುಡುಗನೊಬ್ಬ ಮೂವರು ಪುಟ್ಟ ಹುಡುಗಿಯರನ್ನು ಚಾಕುವಿನಿಂದ ಕೊಂದ. ಗಂಟೆಗಳೊಳಗೆ ಒಂದು ಸುಳ್ಳು ಹೆಸರು ಹರಡಿತು. ದೋಣಿಯಲ್ಲಿ ಬಂದ ಮುಸ್ಲಿಂ ಎಂದರು. ಅವನು ಹುಟ್ಟಿದ್ದು ವೇಲ್ಸಿನ ಕಾರ್ಡಿಫ್‌ನಲ್ಲಿ. ಮಾರನೆಯ ಸಂಜೆ ಅಲ್ಲಿನ ಮಸೀದಿಗೆ ಇಟ್ಟಿಗೆ ಬಿದ್ದವು. ಮುಂದೆ ರಾದರ್‌ಹ್ಯಾಮ್‌ನಲ್ಲಿ ಆಶ್ರಯ ಕೇಳಿ ಬಂದವರು ಒಳಗಿರುವಾಗಲೇ ಹೋಟೆಲಿಗೆ ಬೆಂಕಿ ಹಚ್ಚಲು ನೋಡಿದರು. ಆ ವಾರ ನಮ್ಮ ಕನ್ನಡ ಕೂಟದ ಗುಂಪಿನಲ್ಲಿ ಸಂಜೆ ಒಬ್ಬೊಬ್ಬರೇ ಹೊರಗೆ ಹೋಗಬೇಡಿ ಎಂಬ ಮೆಸೇಜುಗಳೇ.

ಇದನ್ನೂ ಹೇಳಲೇಬೇಕು. ಸೌತ್‌ಪೋರ್ಟ್ ಮಸೀದಿಯ ಗೋಡೆ ಬಿದ್ದ ಮಾರನೆಯ ಬೆಳಿಗ್ಗೆ ಊರಿನವರು ಪೊರಕೆ, ಗಾರೆ ಹಿಡಿದು ಬಂದು ಗೋಡೆ ಕಟ್ಟಿಕೊಟ್ಟರು. ಅವರೂ ಜನವೇ.

## ನಮ್ಮವರಿಗೆ

ಮಗನನ್ನ ಮಾಸ್ಟರ್ಸ್‌ಗೆ ಕಳಿಸೋಣ ಅಂತಿದೀವಿ. ಈ ರಾಜಕೀಯ ಅವನಿಗೆ ತಟ್ಟುತ್ತಾ?

ತಟ್ಟುತ್ತದೆ. 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ಓದುವವರು ಹೆಂಡತಿ ಮಕ್ಕಳನ್ನು ಅವಲಂಬಿತರ ವೀಸಾದಲ್ಲಿ ಕರೆತರುವಂತಿಲ್ಲ. ಓದಿನ ನಂತರ ಕೆಲಸ ಹುಡುಕಲು ಇರುವ ಎರಡು ವರ್ಷದ ಅವಧಿ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಕೆಲಸದ ವೀಸಾಗೆ ಬೇಕಾದ ಸಾಮಾನ್ಯ ಸಂಬಳದ ಮಿತಿ 2025ರ ಜುಲೈಯಲ್ಲಿ ವರ್ಷಕ್ಕೆ 41,700 ಪೌಂಡ್‌ಗೆ ಏರಿತು. ವಯಸ್ಸು, ಕೆಲಸ ನೋಡಿ ಕೆಲವು ರಿಯಾಯಿತಿಗಳಿವೆ. ಗಮನಿಸಿ, ಇವೆಲ್ಲವನ್ನೂ ಮಾಡಿದ್ದು ರಿಫಾರ್ಮ್ ಅಲ್ಲ. ಅದಕ್ಕೆ ಹೆದರಿದ ಎರಡು ಹಳೆ ಪಕ್ಷಗಳು. ಸಾಲ ಮಾಡಿ ಕಳಿಸುವವರು ಇಲ್ಲೇ ನೆಲೆಯೂರುವ ಲೆಕ್ಕ ಇಟ್ಟುಕೊಂಡು ಕಳಿಸಬೇಡಿ. ಆ ಡಿಗ್ರಿಗೆ ನಮ್ಮಲ್ಲೂ ಬೆಲೆ ಇದೆಯೇ ಎಂದು ನೋಡಿ ಕಳಿಸಿ.

ಅಲ್ಲಿರೋ ನಮ್ಮ ಭಾರತೀಯರೂ ಬ್ರೆಕ್ಸಿಟ್‌ಗೆ ಓಟು ಹಾಕಿದ್ರಂತೆ, ಹೌದಾ?

ಹೆಚ್ಚಿನವರು ಹಾಕಲಿಲ್ಲ, ಆದರೆ ಗಣನೀಯ ಸಂಖ್ಯೆಯಲ್ಲಿ ಹಾಕಿದವರಿದ್ದಾರೆ. ಯುರೋಪಿನವರ ಬರವು ನಿಂತರೆ ನಮ್ಮ ಕಡೆಯ ಅಡುಗೆಯವರಿಗೆ ವೀಸಾ ಸಿಗುತ್ತದೆ, ಕರಿ ಹೋಟೆಲುಗಳು ಉಳಿಯುತ್ತವೆ ಎಂದು ಕನ್ಸರ್ವೇಟಿವ್ ಪಕ್ಷದ ಪ್ರೀತಿ ಪಟೇಲ್ ಪ್ರಚಾರ ಮಾಡಿದ್ದರು. ಬ್ರೆಕ್ಸಿಟ್ ನಂತರ ಭಾರತದಿಂದ ಬಂದ ವಿದ್ಯಾರ್ಥಿಗಳು, ನರ್ಸುಗಳು, ಐಟಿಯವರ ಸಂಖ್ಯೆ ಏರಿದ್ದು ನಿಜ. ಜನರ ಸಿಟ್ಟು ಪೋಲೆಂಡಿನವರ ಕಡೆಯಿಂದ ನಮ್ಮ ಕಡೆಗೆ ತಿರುಗಿದ್ದೂ ನಿಜ.

ನನ್ನ ಹತ್ರ ಇರೋದು ಇಂಡಿಯನ್ ಪಾಸ್‌ಪೋರ್ಟು. ನಾನು ಅಲ್ಲಿ ಓಟು ಹಾಕಬಹುದಾ?

ಹಾಕಬಹುದು! ಇದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕಾಮನ್‌ವೆಲ್ತ್ ದೇಶದ ನಾಗರಿಕರು ಸರಿಯಾದ ವೀಸಾದ ಮೇಲೆ ಇಲ್ಲಿ ವಾಸವಿದ್ದರೆ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ವಿದ್ಯಾರ್ಥಿಯಾದರೂ ಸರಿ. 2016ರಲ್ಲಿ ಇಲ್ಲೇ ಇಪ್ಪತ್ತು ವರ್ಷ ಇದ್ದ ಜರ್ಮನಿಯವರಿಗೆ ಬ್ರೆಕ್ಸಿಟ್ ಓಟು ಇರಲಿಲ್ಲ, ಭಾರತದ ಪಾಸ್‌ಪೋರ್ಟ್ ಇದ್ದ ನನಗೆ ಇತ್ತು.

ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಲು ಐದು ನಿಮಿಷ ಸಾಕು. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಮಾಡಿರಬೇಕು. ಈಗ ಫೋಟೋ ಇರುವ ಗುರುತುಪತ್ರ ಬೇಕು, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಸಮಯ. ಬೆರಳಿಗೆ ಶಾಯಿ ಇಲ್ಲ, ಮಷಿನ್ ಇಲ್ಲ. ನಮ್ಮ ಊರಿನಲ್ಲಿ ಚರ್ಚಿನ ಹಾಲ್ ಒಳಗೆ ಪ್ಲೈವುಡ್ ಮರೆಯ ಹಿಂದೆ ದಾರಕ್ಕೆ ಕಟ್ಟಿದ ಪೆನ್ಸಿಲ್ ಇರುತ್ತದೆ. ಅದರಿಂದ ಕಾಗದದ ಮೇಲೆ ಒಂದು ಗುಣಾಕಾರದ ಗುರುತು ಹಾಕಿ, ಮಡಚಿ, ಕಪ್ಪು ಡಬ್ಬಿಗೆ ಹಾಕಿದರೆ ಮುಗಿಯಿತು. ಪೆನ್ಸಿಲ್ ಬೇಡ ಅನ್ನಿಸಿದರೆ ನಿಮ್ಮದೇ ಪೆನ್ನು ತೆಗೆದುಕೊಂಡು ಹೋಗಿ, ಯಾರೂ ಏನೂ ಅನ್ನುವುದಿಲ್ಲ.